ಮಾಮನ ಜೊತೆ ಅಂಡಮಾನಿಗೆ

ಮಾಮ ಕುರ್ಚಿಗೆ ಒರಗಿ ಕೂತದ್ದನ್ನು ನಾನು ನೋಡಿಯೇ ಇಲ್ಲ. ಯಾರಾದರೂ ಕರೆದರೆ ತಕ್ಷಣ ಏಳಬೇಕು ಎನ್ನುವಂತೆ ಅಂಚಿನಲ್ಲೇ ಕೂರುತ್ತಿದ್ದರು. ಲುಂಗಿ ತುಸು ಮೇಲೆ ಸರಿದರೆ ಮೀನಖಂಡದಲ್ಲಿ ಹಸಿರು ನರಗಳು ಹಗ್ಗಕ್ಕೆ ಗಂಟುಹಾಕಿದ ಹಾಗೆ ಉಬ್ಬಿ ಕಾಣುತ್ತಿದ್ದವು. ಮುಂಬೈಯ ಘಾಟ್‌ಕೋಪರಿನಲ್ಲಿ ನಲವತ್ತು ವರ್ಷ ಹೋಟೆಲ್ ನಡೆಸಿ, ಅಷ್ಟೂ ವರ್ಷ ನಿಂತೇ ಕಳೆದ ಕಾಲುಗಳು ಅವು.

ಮಂಗಳೂರಿನ ಕದ್ರಿ ಗುಡ್ಡದ ಇಳಿಜಾರಿನಲ್ಲಿರುವ ನಮ್ಮ ಫ್ಲ್ಯಾಟಿನಲ್ಲಿ ಅವರದ್ದು ನನ್ನ ಎದುರಿನ ಬಾಗಿಲು. ಕಟ್ಟಡದವರೆಲ್ಲರಿಗೂ ಅವರು ಮಾಮ. ಮಾಮಿ ಮುಂಬೈಯಲ್ಲೇ ತೀರಿಹೋಗಿದ್ದರು. ಮಕ್ಕಳಿರಲಿಲ್ಲ. ಹೋಟೆಲ್ ಮಾರಿ ಊರಿಗೆ ಬಂದವರು, ಬಂಟ್ವಾಳದ ಹತ್ತಿರ ಹಿರಿಯರ ಗುತ್ತಿನ ಮನೆಯಿದ್ದರೂ ಅಲ್ಲಿಗೆ ಹೋಗಲಿಲ್ಲ. ಯಾಕೆಂದು ಕೇಳಿದರೆ ನಗುತ್ತಿದ್ದರು. "ಅಲ್ಲಿ ಈಗ ನನ್ನ ಗುರುತು ಇರುವುದು ಮನೆಯ ಭೂತಕ್ಕೆ ಮಾತ್ರ. ವರ್ಷಕ್ಕೊಮ್ಮೆ ಅದರ ಕೋಲಕ್ಕೆ ಹೋಗಿ ಮಾತನಾಡಿಸಿ ಬರ್ತೇನೆ, ಅಷ್ಟೇ."

ನಾನು ಹಾಸನದ ಕಡೆಯವಳು, ಇಲ್ಲಿಯವರ ಮಾತಿನಲ್ಲಿ 'ಘಟ್ಟದವರು.' ಬಲ್ಮಠದ ಒಂದು ವಿಮಾ ಕಚೇರಿಯಲ್ಲಿ ಕೆಲಸ ಸಿಕ್ಕಿ ಅಮ್ಮನನ್ನು ಕರೆದುಕೊಂಡು ಬಂದವಳು ಇಲ್ಲೇ ಉಳಿದೆ. ಮದುವೆ ಆಗಲಿಲ್ಲ. ತುಳು ಅರ್ಥವಾಗುತ್ತದೆ, ಆಡಲು ಹೋದರೆ ಎದುರಿನವರು ಮರ್ಯಾದೆಗೆ ಕನ್ನಡಕ್ಕೆ ತಿರುಗುತ್ತಾರೆ. ಇಪ್ಪತ್ತು ವರ್ಷ ಆ ಮನೆಯಲ್ಲಿ ಅಮ್ಮನೂ ನಾನೂ ಇದ್ದೆವು. ಆಮೇಲೆ ನಾನು ಇದ್ದೆ.

ಅಮ್ಮನ ತಿಥಿ ಮುಗಿಸಿ ಅಣ್ಣ ಅತ್ತಿಗೆ ಹಾಸನಕ್ಕೆ ಹೋದ ಮರುದಿನ ಮಧ್ಯಾಹ್ನ ಬೆಲ್ ಆಯಿತು. ಬಾಗಿಲಲ್ಲಿ ಮಾಮ, ಕೈಯಲ್ಲಿ ಸ್ಟೀಲ್ ಡಬ್ಬಿ. ಅಲ್ಲಿಯವರೆಗೆ ನಮ್ಮ ನಡುವೆ ಲಿಫ್ಟಿನ ನಗು ಬಿಟ್ಟರೆ ಬೇರೆ ಪರಿಚಯವಿರಲಿಲ್ಲ.

"ಊಟ ಆಯಿತಾ?" ಎಂದರು.

"ಆಯಿತು."

"ಎಂತ ಮಾಡಿದ್ದು?"

ತಕ್ಷಣಕ್ಕೆ ಒಂದು ಸುಳ್ಳು ಸಾರಿನ ಹೆಸರೂ ನನಗೆ ಹೊಳೆಯಲಿಲ್ಲ. ಮಾಮ ಡಬ್ಬಿಯನ್ನು ಶೂ ಸ್ಟ್ಯಾಂಡಿನ ಮೇಲಿಟ್ಟರು.

"ಒಬ್ಬರಿಗೆ ಅಡುಗೆ ಮಾಡುವುದು ಭಾರೀ ಕಷ್ಟ ಮಾರಾಯ್ತಿ. ಇನ್ನೂರು ಜನಕ್ಕೆ ಬೇಕಾದರೆ ಮಾಡಬಹುದು. ಒಬ್ಬರಿಗೆ ಎಷ್ಟು ಹಾಕಿದರೂ ಹೆಚ್ಚೇ ಆಗ್ತದೆ. ಇದು ನಿಮಗೆ ಅಂತ ಮಾಡಿದ್ದಲ್ಲ, ನನಗೆ ಹೆಚ್ಚಾದದ್ದು."

ನೀರುದೋಸೆ, ಬೆಲ್ಲ ಕಲಸಿದ ಕಾಯಿ. ಇನ್ನೂ ಬಿಸಿ ಇತ್ತು. ಅಮ್ಮನ ವಿಷಯ ಅವರು ಒಂದು ಮಾತೂ ಎತ್ತಲಿಲ್ಲ. ಎತ್ತಿದ್ದರೆ ನಾನು ಬಾಗಿಲು ಹಾಕಿಕೊಂಡು ಬಿಡುತ್ತಿದ್ದೆನೇನೋ.

ಅಲ್ಲಿಂದ ಮೇಲೆ ಅವರಿಗೆ 'ಹೆಚ್ಚಾಗುವುದು' ನಿಂತೇ ಇಲ್ಲ. ನಾನು ಡಬ್ಬಿ ಮರಳಿಸಲು ಹೋಗುತ್ತಿದ್ದೆ, ಒಂದು ಲೋಟ ಚಾ ಕುಡಿಯುತ್ತಿದ್ದೆ, ಮಾಮ ಹೋಟೆಲಿನ ಕಥೆ ಹೇಳುತ್ತಿದ್ದರು. ಒಮ್ಮೆ ಹೇಳಿದರು: "ಒಬ್ಬನೇ ಬರುವ ಗಿರಾಕಿಯನ್ನು ಎಲ್ಲ ಹೋಟೆಲಿನವರೂ ಮೂಲೆಯ ಟೇಬಲಿಗೆ ಕಳಿಸ್ತಾರೆ. ಕೈ ತೊಳೆಯುವಲ್ಲಿ ಒಂದು ಇರ್ತದಲ್ಲ, ಅದಕ್ಕೆ. ನಾನು ಕಿಟಕಿಯ ಹತ್ತಿರದ್ದೇ ಕೊಡುತ್ತಿದ್ದೆ. ಒಟ್ಟಿಗೆ ಬಂದವರಿಗೆ ನೋಡ್ಲಿಕ್ಕೆ ಒಬ್ಬರ ಮುಖ ಒಬ್ಬರಿಗೆ ಉಂಟು. ಒಬ್ಬನೇ ಬಂದವನಿಗೆ ಕಿಟಕಿ ಬೇಡವಾ?"

ಅಂಡಮಾನಿನ ಮಾತು ಬಂದದ್ದು ದೀಪಾವಳಿಯ ಸಂಜೆ, ತಾರಸಿಯ ಮೇಲೆ. ಫ್ಲ್ಯಾಟಿನವರೆಲ್ಲ ಸೇರಿದ್ದೆವು. ಮಾಮ ಗೋಳಿಬಜೆ ಹಂಚುತ್ತಾ ಇದ್ದಕ್ಕಿದ್ದಂತೆ, "ಜನವರಿಯಲ್ಲಿ ಎಲ್ಲ ಒಟ್ಟಿಗೆ ಒಂದು ದ್ವೀಪಕ್ಕೆ ಹೋಗುವನಾ?" ಎಂದರು.

"ಸಮುದ್ರ ನೋಡಲಿಕ್ಕೆ ಅಷ್ಟು ದೂರ ಯಾಕೆ ಮಾಮ? ಉಳ್ಳಾಲಕ್ಕೆ ಹೋದರೆ ಆಯ್ತಲ್ಲ," ಎಂದರು ಕೆಳಗಿನ ಮನೆಯ ನಿವೃತ್ತ ಟೀಚರು.

"ಉಳ್ಳಾಲದಲ್ಲಿ ಸಮುದ್ರ ಒಂದು ಬದಿಗೆ ಮಾತ್ರ ಉಂಟು ಟೀಚರೇ. ದ್ವೀಪದಲ್ಲಿ ಯಾವ ಕಡೆ ತಿರುಗಿದರೂ ಉಂಟು."

ಎಲ್ಲರೂ ನಕ್ಕರು, ಎಲ್ಲರೂ ಬರುತ್ತೇವೆಂದರು. ಹನ್ನೊಂದು ಜನ. ಅಲ್ಲೇ ನಿಂತು ವಾಟ್ಸ್ಯಾಪಿನಲ್ಲಿ ಒಂದು ಗುಂಪೂ ಆಯಿತು. ಅಂದಿನಿಂದ ಪ್ರತಿ ಭಾನುವಾರ ಬೆಳಿಗ್ಗೆ ಮಾಮನ ಮನೆಯಲ್ಲಿ ಸಭೆ. ಸಭೆ ಎಂದರೆ ದೋಸೆ, ಕೋಳಿ ಸುಕ್ಕ, ನಡುನಡುವೆ ಅಂಡಮಾನ್.

ಅವರು ಪ್ರವಾಸವನ್ನು ಊಟದ ಹಾಗೆಯೇ ಯೋಚಿಸುತ್ತಿದ್ದರು. "ಮೊದಲನೇ ದಿನವೇ ಭಾರದ್ದು ಹಾಕಬಾರದು. ಪೋರ್ಟ್‌ಬ್ಲೇರಿನಲ್ಲಿ ಜೈಲು ನೋಡಿ ಮಲಗುವ. ಮರುದಿನ ಹಡಗಿನಲ್ಲಿ ಹ್ಯಾವ್ಲಾಕ್ ದ್ವೀಪ. ನೀರಿಗೆ ಇಳಿಯುವುದು ಬೆಳಿಗ್ಗೆಯೇ, ಹೊಟ್ಟೆ ಹಗುರ ಇರುವಾಗ. ಸಂಜೆಗೆ ಸುಮ್ಮನೆ ಮರಳಿನಲ್ಲಿ ನಡೆಯುವುದು." ಯಾರಿಗೆ ಎಂತ ಬೇಕೆಂದು ಒಬ್ಬೊಬ್ಬರನ್ನೇ ಕೇಳಿದರು. ಟೀಚರಿಗೆ ಮೊಣಕಾಲು ನೋವು, ಮೆಟ್ಟಿಲಿಲ್ಲದೆ ದೋಣಿ ಹತ್ತುವ ಧಕ್ಕೆ ಎಲ್ಲಿದೆಯೆಂದು ಫೋನ್ ಮಾಡಿ ವಿಚಾರಿಸಿದರು. ಮೂರನೇ ಮಹಡಿಯ ದಂಪತಿಗಳ ಸಣ್ಣ ಮಗಳಿಗೆ ನೀರೆಂದರೆ ಹೆದರಿಕೆ, ಅವಳಿಗೆ ತಳದಲ್ಲಿ ಗಾಜು ಇರುವ ದೋಣಿ. ನನ್ನನ್ನು ಕೇಳಿದಾಗ, ನೀರಿನಡಿ ಮುಖವಿಟ್ಟು ಹವಳ ನೋಡಬೇಕೆಂದೆ. ಅದೆಲ್ಲಿಂದ ಬಾಯಿಗೆ ಬಂತೋ, ನನಗೆ ಈಜು ಬಾರದು.

"ನಿಮಗೆ ಎಂತ ಬೇಕು ಮಾಮ?"

"ನಾನು ಕೊನೆಗೆ ಊಟ ಮಾಡುವವ," ಎಂದು ದೋಸೆ ಹಾಕಲು ಎದ್ದರು.

ಮೊದಲು ಬಿಟ್ಟವರು ಟೀಚರು. ಮೊಣಕಾಲಿನ ಆಪರೇಷನ್ ಬೇಗ ಮಾಡಬೇಕೆಂದರಂತೆ ಡಾಕ್ಟರು. ಆಮೇಲೆ ಮೂರನೇ ಮಹಡಿಯವರು: ದುಬೈಯಿಂದ ಅಕ್ಕ ಬರುತ್ತಾಳೆ. ಒಬ್ಬರಿಗೆ ರಜೆ ಸಿಗಲಿಲ್ಲ, ಇನ್ನೊಬ್ಬರ ಮನೆಯಲ್ಲಿ ಮಕ್ಕಳಿಗೆ ಪರೀಕ್ಷೆ. ಯಾರದ್ದೂ ಸುಳ್ಳು ಕಾರಣವಲ್ಲ. ಗುಂಪಿನಲ್ಲಿ ಒಂದು 'ಸಾರಿ ಮಾಮ', ಕೆಳಗೆ ಕೈಮುಗಿದ ಚಿತ್ರ, ಆಮೇಲೆ ಇಂಥವರು ಗುಂಪು ಬಿಟ್ಟರು ಎಂಬ ಸಣ್ಣ ಅಕ್ಷರದ ಸಾಲು. ಮಾಮ ಪ್ರತಿಯೊಬ್ಬರಿಗೂ "ತೊಂದರೆ ಇಲ್ಲ, ಮುಂದಿನ ಸಲ" ಎಂದು ಬರೆದು, ಉಳಿದವರಿಗೆ ಸರಿಹೋಗುವಂತೆ ದಿನಗಳನ್ನು ಹಿಂದೆ ಮುಂದೆ ಮಾಡಿಕೊಂಡು ಕೂರುತ್ತಿದ್ದರು. ಅದರಲ್ಲೂ ಉತ್ಸಾಹವೇ.

ಡಿಸೆಂಬರಿನ ಒಂದು ಭಾನುವಾರ ನಾನು ಹೋದಾಗ ಮೇಜಿನ ಮೇಲೆ ದೋಸೆಯ ರಾಶಿ ಇತ್ತು, ತಟ್ಟೆಗಳು ಜೋಡಿಸಿದ್ದವು. ಮತ್ತೆ ಯಾರೂ ಬರಲಿಲ್ಲ. ಇಬ್ಬರೇ ಕೂತು ತಿಂದೆವು. ಮಾಮ ಉಳಿದ ತಟ್ಟೆಗಳನ್ನು ಒಂದರ ಮೇಲೊಂದು ಇಟ್ಟರು.

"ಕ್ಯಾನ್ಸಲ್ ಮಾಡುವ. ನಾವಿಬ್ಬರೇ ಹೋಗುವುದು ಸರಿಯಲ್ಲ. ನನಗೆ ಎಂತ, ಎಪ್ಪತ್ತು ದಾಟಿತು. ನಿಮ್ಮ ವಿಷಯ ಜನ ಮಾತನಾಡ್ತಾರೆ."

"ನನ್ನ ವಿಷಯ ಮಾತನಾಡುವಷ್ಟು ಜನ ನನಗೆ ಇದ್ದಾರಾ ಮಾಮ?"

ತಮಾಷೆಗೆ ಹೇಳಹೊರಟದ್ದು, ಹೇಳಿ ಮುಗಿಸುವಾಗ ತಮಾಷೆ ಉಳಿದಿರಲಿಲ್ಲ. ಮಾಮ ನನ್ನ ಮುಖ ನೋಡಲಿಲ್ಲ. ತಟ್ಟೆಗೆ ಇನ್ನೊಂದು ದೋಸೆ ಹಾಕಿ, "ಹಾಗಾದರೆ ಹೋಗುವ," ಎಂದರು.

ಜನ ಮಾತನಾಡಿದರು, ನಿಜ. ಲಿಫ್ಟಿನಲ್ಲಿ ನಾನು ಕಾಲಿಟ್ಟರೆ ಮಾತು ನಿಲ್ಲತೊಡಗಿತು. ಯಾರಿಂದ ತಿಳಿಯಿತೋ, ತಿಥಿಯ ನಂತರ ಎರಡು ಸಲ ಮಾತ್ರ ಮಾತನಾಡಿದ್ದ ಅಣ್ಣ ಒಂದು ರಾತ್ರಿ ಫೋನ್ ಮಾಡಿದ. "ಯಾರೇ ಅದು ಮುದುಕ? ನಿನಗೇನಾಗಿದೆ? ನೆಂಟರಿಗೆ ಏನಂತ ಹೇಳೋದು ನಾನು?"

"ದೋಸೆ ಕೊಟ್ಟವರು ಅಂತ ಹೇಳು," ಎಂದು ಇಟ್ಟುಬಿಟ್ಟೆ.

ಬೆಂಗಳೂರಿಗೆ ಹೋಗಿ ಅಲ್ಲಿಂದ ವಿಮಾನ ಬದಲಿಸಿ ಪೋರ್ಟ್‌ಬ್ಲೇರ್ ಮುಟ್ಟಿದೆವು. ಹೋಟೆಲಿನಲ್ಲಿ ಎರಡು ಕೋಣೆ ತೆಗೆದುಕೊಳ್ಳುವಾಗ ಮಾಮ ಅಗತ್ಯಕ್ಕಿಂತ ಗಟ್ಟಿಯಾಗಿ, "ಎರಡು, ಬೇರೆ ಬೇರೆ," ಎಂದರು. ಮರುದಿನ ಹಡಗಿನಲ್ಲಿ ನನಗೆ ಹೊಟ್ಟೆ ತೊಳಸಿತು. ಅವರು ಅಂಗಿಯ ಕಿಸೆಯಿಂದ, ಬಾಯಿಗೆ ಹುಳಿ ಇರಲೆಂದು, ಒಣಗಿಸಿದ ಪುನರ್ಪುಳಿ ಸಿಪ್ಪೆ ತೆಗೆದು ಕೊಟ್ಟರು. ಹನ್ನೊಂದು ಜನಕ್ಕಾಗುವಷ್ಟು ಕಟ್ಟಿಕೊಂಡು ಬಂದಿದ್ದರು.

ಹವಳ ನೋಡುವ ದಿನ ಸಣ್ಣ ದೋಣಿಯಲ್ಲಿ ಒಂದು ಕೊಲ್ಲಿಗೆ ಕರೆದೊಯ್ದರು. ರಕ್ತದೊತ್ತಡದ ಮಾತ್ರೆ ತೆಗೆದುಕೊಳ್ಳುವವರು ಇಳಿಯುವಂತಿಲ್ಲ ಎಂದು ಅಲ್ಲಿಯ ಹುಡುಗರು ಮಾಮನನ್ನು ದಡದಲ್ಲೇ ನಿಲ್ಲಿಸಿದರು. ನಾನೂ ಬೇಡವೆಂದೆ.

"ಹೋಗಿ ಮಾರಾಯ್ತಿ. ನಾನು ಇಲ್ಲಿಯೇ ಇದ್ದೇನೆ. ಎಲ್ಲಿಗೂ ಹೋಗುವುದಿಲ್ಲ."

ಸೊಂಟಕ್ಕೆ ತೇಲುವ ಬಳೆ, ಮುಖಕ್ಕೆ ಕನ್ನಡಕ, ಬಾಯಿಗೆ ಉಸಿರಿನ ನಳಿಕೆ. ನೀರಿಗೆ ಮುಖ ಇಟ್ಟೊಡನೆ ಲೋಕದ ಸದ್ದೆಲ್ಲ ಹೋಗಿ ನನ್ನ ಉಸಿರು ಮಾತ್ರ ಕೇಳತೊಡಗಿತು. ಅಮ್ಮ ಹೋದ ಮೇಲೆ ಮನೆಯಲ್ಲಿ ಮಲಗಿದಾಗ ಕೇಳುತ್ತಿದ್ದ ಅದೇ ಉಸಿರು. ಗಾಬರಿಯಾಗಿ ತಲೆ ಎತ್ತಿದೆ. ಅಷ್ಟು ದೂರದಲ್ಲಿ ಮಾಮ ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದರು, ಒಂದು ಕೈಯಲ್ಲಿ ನನ್ನ ಚಪ್ಪಲಿ, ಇನ್ನೊಂದರಲ್ಲಿ ಟವೆಲ್. ಅಲೆ ಬಂದಾಗಲೆಲ್ಲ ಎರಡನ್ನೂ ತಲೆಯ ಮೇಲೆ ಎತ್ತುತ್ತಿದ್ದರು. ಕಣ್ಣು ನನ್ನ ಮೇಲೆಯೇ ಇತ್ತು. ನಾನು ಮತ್ತೆ ಮುಖ ಇಟ್ಟೆ. ಈ ಸಲ ಮೀನು ಕಂಡವು. ಕನ್ನಡಕದ ಒಳಗೆ ನೀರು ತುಂಬಿತು, ಅದು ಹೊರಗಿನಿಂದ ಬಂದ ನೀರಲ್ಲ.

ದಡಕ್ಕೆ ಬಂದಾಗ ಮಾಮ ಮೊದಲು ಕೇಳಿದ್ದು, "ಎಂತ ಕಂಡಿತು?"

"ಮೀನು. ನೀಲಿ. ಹಳದಿ ಪಟ್ಟೆ."

"ದೊಡ್ಡದಾ?"

"ಅಂಗೈಯಷ್ಟು."

ತುಸು ಯೋಚಿಸಿ ಹೇಳಿದರು, "ಅದಕ್ಕೆ ಮಸಾಲೆ ಹಿಡಿಯಲಿಕ್ಕಿಲ್ಲ."

ಅಷ್ಟು ನಕ್ಕು ಎಷ್ಟು ಕಾಲವಾಗಿತ್ತೋ. ದೋಣಿಯಲ್ಲಿ ಮರಳುವಾಗ ಉದ್ದಕ್ಕೂ ಕೇಳಿದರು, ನಾನು ಹೇಳುತ್ತಾ ಹೋದೆ. ಹವಳದ ಆಕಾರ, ಕೆಳಗಿನ ಮರಳಿನ ಮೇಲೆ ಬಿಸಿಲು ಅಲ್ಲಾಡುವ ರೀತಿ. ಅವರು ಕಣ್ಣುಮುಚ್ಚಿ ಕೇಳುತ್ತಿದ್ದರು.

ಅವರ ಲೆಕ್ಕಾಚಾರ ತಪ್ಪಿದ್ದು ಒಂದೇ ಕಡೆ. ಅಲ್ಲಿ ಸೂರ್ಯ ಬೇಗ ಮುಳುಗುತ್ತಾನೆ. ನಾವು ಸಂಜೆಯ ನಡಿಗೆಗೆಂದು ಹೊರಡುವ ಹೊತ್ತಿಗೆ ಕತ್ತಲೆ. "ಇದೆಂತ ಮಾರಾಯ್ತಿ, ಐದೂವರೆಗೇ ಶಟರ್ ಎಳೆದದ್ದು?" ಎಂದು ಮಾಮ ಆಕಾಶವನ್ನೇ ದಬಾಯಿಸಿದರು. ಉದ್ದನೆಯ ಸಂಜೆ, ಮಾಡಲು ಏನೂ ಇಲ್ಲ. ಕೋಣೆಗಳ ಮುಂದಿನ ಜಗಲಿಯಲ್ಲಿ ಕೂತೆವು. ಬೇರೆ ಜಗಲಿಗಳಲ್ಲಿ ಹೊಸ ಮದುವೆಯ ಜೋಡಿಗಳು, ಮಕ್ಕಳ ಗಲಾಟೆ. ಆಗ ಮಾಮ ಮಾಮಿಯ ವಿಷಯ ಹೇಳಿದರು. ಅದುವರೆಗೆ ಒಮ್ಮೆಯೂ ಹೇಳಿರಲಿಲ್ಲ.

"ಅವಳು ಕೇಳಿದ್ದು ಅಂಡಮಾನ್ ಅಲ್ಲ. ಎಲಿಫೆಂಟಾ. ಮುಂಬೈಯಲ್ಲೇ, ದೋಣಿಯಲ್ಲಿ ಒಂದು ಗಂಟೆ. 'ಒಂದು ಭಾನುವಾರ ಹೋಗುವ, ದ್ವೀಪ ಅಂದರೆ ಹೇಗಿರ್ತದೆ ನೋಡಬೇಕು' ಅಂತ. ಭಾನುವಾರ ಹೋಟೆಲ್ ಬಿಡ್ಲಿಕ್ಕೆ ಆಗ್ತದಾ? ಬರುವ ವಾರ, ಬರುವ ವಾರ ಅಂದೆ. ಅವಳು ಆಮೇಲೆ ಕೇಳುವುದನ್ನೇ ಬಿಟ್ಟಳು. ಬಿಟ್ಟದ್ದು ಯಾವಾಗ ಅಂತಲೂ ನನಗೆ ಗೊತ್ತಾಗಲಿಲ್ಲ."

"ಮುಂದಿನ ಸಲ ಎಲಿಫೆಂಟಾಕ್ಕೇ ಹೋಗೋಣ ಮಾಮ," ಎಂದೆ.

"ಬೇಡ," ಎಂದರು. ಅಷ್ಟು ಗಡುಸಾಗಿ ಅವರು ನನ್ನೊಡನೆ ಮಾತನಾಡಿದ್ದು ಅದೊಂದೇ ಸಲ. "ಅದು ಅವಳದ್ದು. ಅವಳಿಲ್ಲದೆ ನಾನು ಹೋಗಿ ನೋಡಿ ಬಂದರೆ ಹೇಗಾಗ್ತದೆ? ಅದು ಹಾಗೇ ಇರಲಿ."

ನಾನು ಎದ್ದೆ. ಒಳಗೆ ಹೋಗಿ ಕೆಟಲಿನಲ್ಲಿ ಎರಡು ಲೋಟ ಚಾ ಮಾಡಿ ತಂದೆ. ಮಾಮ ನನ್ನ ಕೈಯಿಂದ ಲೋಟ ತೆಗೆದುಕೊಂಡು, ಏನೋ ವಿಚಿತ್ರ ಕಂಡವರಂತೆ ಅದನ್ನೇ ನೋಡಿದರು. ಯಾರಾದರೂ ಅವರಿಗೆ ಚಾ ತಂದುಕೊಟ್ಟು ಎಷ್ಟು ವರ್ಷವಾಗಿತ್ತೋ.

ಮಂಗಳೂರಿಗೆ ಬಂದ ಮೇಲೆ ಅವರು ಲಕ್ಷದ್ವೀಪದ ಯೋಚನೆಗೆ ಬಿದ್ದರು. ಅಲ್ಲಿಗೆ ಪರ್ಮಿಟ್ ಬೇಕು, ಮಳೆಗಾಲ ಮುಗಿಯಬೇಕು. ಆ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಅವರೇ ನನ್ನ ಬೆಲ್ ಒತ್ತಿ, ಎದೆಯ ಮೇಲೆ ಕೈ ಇಟ್ಟುಕೊಂಡು, "ಒಂದು ರಿಕ್ಷಾ ಕರೀತೀರಾ?" ಎಂದರು. ಆಸ್ಪತ್ರೆಯಲ್ಲಿ ಎರಡು ದಿನ ಇದ್ದರು. ಎರಡನೆಯ ಸಂಜೆ ನನ್ನನ್ನು ಹತ್ತಿರ ಕರೆದರು. ಮಾತು ತಡೆತಡೆದು ಬರುತ್ತಿತ್ತು.

"ಮಳೆ ಬಿಟ್ಟ ಮೇಲೆ ನೀವು ಹೋಗಿ. ಜೊತೆಗೆ ಜನ ಸಿಗಲಿ ಅಂತ ಕಾಯಬೇಡಿ. ಕಾದರೆ ಆಗುವುದಿಲ್ಲ ಅದು."

ಬೆಳಗಾಗುವಾಗ ಅವರು ಇರಲಿಲ್ಲ.

ಸ್ಮಶಾನಕ್ಕೆ ಎಲ್ಲರೂ ಬಂದರು. ಹೊಸ ಮೊಣಕಾಲಿನ ಟೀಚರು ಕೋಲು ಹಿಡಿದು, ಮೂರನೇ ಮಹಡಿಯವರು ಮಗಳನ್ನು ಕರೆದುಕೊಂಡು, ರಜೆ ಸಿಗದವರು ರಜೆ ಹಾಕಿ. ಮಳೆಯಲ್ಲಿ ಕೊಡೆ ಹಿಡಿದು ನಿಂತ ಅವರನ್ನು ನಾನು ಸುಮ್ಮನೆ ಎಣಿಸಿದೆ. ಮಾಮ ಒಬ್ಬರನ್ನು ಬಿಟ್ಟು ಹತ್ತೂ ಜನ ಇದ್ದೆವು. ಯಾರ ಮೇಲೂ ಸಿಟ್ಟು ಬರಲಿಲ್ಲ. ಟೀಚರು ನನ್ನ ಭುಜ ಹಿಡಿದು, "ಆ ಸಲ ನಾವೂ ಹೋಗಬಹುದಿತ್ತು," ಎಂದು ಅತ್ತರು. ಬಂಟ್ವಾಳದಿಂದ ಬಂದ ಮಾಮನ ತಂಗಿಯ ಮಗ ಕಾರ್ಯ ಮುಗಿಸಿ ಮನೆಗೆ ಬೀಗ ಹಾಕಿಕೊಂಡು ಹೋದ. ಭಾನುವಾರಗಳು ಮತ್ತೆ ಮೊದಲಿನಂತಾದವು. ನಾನು ಈಗಲೂ ಅನ್ನ ಹೆಚ್ಚು ಮಾಡುತ್ತೇನೆ, ಈಗಲೂ ಚೆಲ್ಲುತ್ತೇನೆ.

ಲಕ್ಷದ್ವೀಪಕ್ಕೆ ಹೋಗುವ ಧೈರ್ಯ ನನಗೆ ಇನ್ನೂ ಬಂದಿಲ್ಲ. ಆದರೆ ಹೋದ ನವೆಂಬರಿನಲ್ಲಿ ಒಂದು ಬೆಳಿಗ್ಗೆ ಬಸ್ಸು ಹಿಡಿದು ಮಲ್ಪೆಗೆ ಹೋದೆ. ಕಡಲಿನಾಚೆ ಕಾಣುವ ಸಣ್ಣ ದ್ವೀಪಕ್ಕೆ ಅಲ್ಲಿಂದ ದೋಣಿಗಳಿವೆ. ದೋಣಿ ತುಂಬ ಸಂಸಾರಗಳು. ಬುತ್ತಿ ಹಿಡಿದು ಕೂತ ಒಬ್ಬ ಹೆಂಗಸು ನನ್ನ ಹಿಂದೆ ಮುಂದೆ ನೋಡಿ ಕೇಳಿದರು, "ನೀವು ಯಾರೊಟ್ಟಿಗೆ ಬಂದದ್ದು?"

ಇಂಥ ಪ್ರಶ್ನೆಗೆ ನಾನು ಯಾವಾಗಲೂ, ಜೊತೆಯವರು ಹಿಂದಿನಿಂದ ಬರುತ್ತಿದ್ದಾರೆ ಎನ್ನುತ್ತಿದ್ದೆ.

"ಯಾರೂ ಇಲ್ಲ," ಎಂದೆ. "ಒಬ್ಬಳೇ ಬಂದದ್ದು."

"ಹಾಗಾದರೆ ಈಚೆ ಬನ್ನಿ. ಇಲ್ಲಿ ಒಳ್ಳೆ ಗಾಳಿ ಉಂಟು," ಎಂದು ಅವರು ಸರಿದು ಜಾಗ ಮಾಡಿದರು. ಕೂತೆ. ಅವರಿಗೆ ಮಾಮನ ವಿಷಯ ಹೇಳಬೇಕೆನಿಸಿತು, ಆದರೆ ಅಷ್ಟರಲ್ಲಿ ಇಂಜಿನ್ ಶುರುವಾಗಿ ಯಾರ ಮಾತೂ ಯಾರಿಗೂ ಕೇಳದಾಯಿತು. ದೋಣಿ ಹೊರಟಿತು.