ಕೊಂಡಿಯ ಸುತ್ತ ಒದ್ದೆ

ಮುರಿಗೆಪ್ಪನವರದು ಕೂತಲ್ಲಿ ಕೂರುವ ಜಾಯಮಾನವೇ ಅಲ್ಲ. ಗದಗಿನಿಂದ ಚೆನ್ನೈಗೆ ಬಂದು ನುಂಗಂಬಾಕ್ಕಂನ ವಿಮಾ ಕಚೇರಿಯಲ್ಲಿ ದುಡಿದು ನಿವೃತ್ತರಾದ ಮನುಷ್ಯ. ಬಸ್ಸು ಕಾಣುವ ಮೊದಲೇ ರಸ್ತೆಗಿಳಿದು ನಿಲ್ಲುವವರು, ಹಾಲು ಉಕ್ಕುವ ಮೊದಲೇ ಒಲೆ ಆರಿಸುವವರು. ಅಂಥವರ ತಲೆಯ ಮೇಲೇ, ಮೈಲಾಪೂರಿನ ಹಳೆಯ ಫ್ಲ್ಯಾಟಿನ ನಡುಕೋಣೆಯಲ್ಲಿ, ಚಾವಣಿ ತೊಟ್ಟಿಕ್ಕತೊಡಗಿದರೆ ಮನೆಯವರ ಗತಿ ಏನಾಗಬೇಕು ಹೇಳಿ.

ಮೊದಲು ತಪ್ಪನ್ನು ಮಳೆಯ ಮೇಲೆ ಹಾಕಿದರು. ಮಳೆಗಾಲ ಮುಗಿಯಿತು, ತೊಟ್ಟಿಕ್ಕುವುದು ಮುಗಿಯಲಿಲ್ಲ. ಕಿಟಕಿಯ ಕಡೆಯ ಮೂಲೆಯಲ್ಲಿ ಸುಣ್ಣ ಹಪ್ಪಳದ ಹಾಗೆ ಉಬ್ಬಿ ಉದುರತೊಡಗಿತು. ಇದ್ದದ್ದರಲ್ಲಿ ಗಾಳಿ ಬೆಳಕಿನ ಕೋಣೆ ಅದೊಂದೇ. ಅದನ್ನು ಮಗಳ ಬಾಣಂತನಕ್ಕೆಂದು ತೆಗೆದಿಟ್ಟಿದ್ದರು. ಪುಣೆಯಲ್ಲಿದ್ದ ಶಿಲ್ಪಶ್ರೀಗೆ ಎಂಟನೇ ತಿಂಗಳು ಹಿಡಿಯುವುದರಲ್ಲಿತ್ತು. ಚೊಚ್ಚಲ ಹೆರಿಗೆ, ತವರಿಗೆ ಬರಬೇಕಾದವಳು. ಸೋರುವ ಸುದ್ದಿ ಹೇಗೋ ಹುಬ್ಬಳ್ಳಿಯ ಬೀಗಿತ್ತಿಯ ಕಿವಿಗೆ ಬಿದ್ದು, ಅವರು ಫೋನು ಮಾಡಿ ಬೆಣ್ಣೆಯಲ್ಲಿ ಅದ್ದಿದಂತೆ ಹೇಳಿದ್ದರು: "ಹಸಿ ಬಾಣಂತಿನ್ನ ಥಂಡಿ ಮನ್ಯಾಗ ಮಲಗಸೂದು ಬ್ಯಾಡ್ರಿ. ಇಲ್ಲೇ ಕಳಸ್ರಿ, ನಾವ ಮಾಡತೇವಿ."

ಆ ಮಾತು ಮುರಿಗೆಪ್ಪನವರಿಗೆ ಅನ್ನ ಇಳಿಯದಂತೆ ಮಾಡಿತು. ಇರುವವಳು ಒಬ್ಬಳೇ ಮಗಳು; ಅವಳ ಮೊದಲ ಬಾಣಂತನವೂ ತಮ್ಮ ಕೈಲಿ ಆಗಲಿಲ್ಲವೆಂದರೆ ತಾವು ಕಟ್ಟಿಕೊಂಡ ಈ ಮನೆ ಯಾಕೆ ಬೇಕು ಎನ್ನಿಸಿ ಅವರಿಗೆ ನಿಜಕ್ಕೂ ಅಳು ಬಂದಿತ್ತು. ಅಳುವ ಬದಲು ಮೆಟ್ಟಿಲು ಹತ್ತಿ ಮೇಲಿನ ಮನೆಯ ಗಂಟೆ ಒತ್ತಿದರು.

ಮೇಲಿನ ಮನೆಯ ಸುಮತಿ ರೈಲ್ವೆ ಕಚೇರಿಯಲ್ಲಿದ್ದವಳು. ಅಜ್ಜನ ಕಾಲಕ್ಕೆ ಮೈಸೂರಿನಿಂದ ಬಂದವರ ಪೈಕಿ. ಕನ್ನಡದ ಅರ್ಧ ತಮಿಳಾಗಿತ್ತು.

"ನಮ್ಮದಿಲ್ಲ ಸಾರ್. ಬಾತ್‌ರೂಮ್ ಹೋದ ವರ್ಷ ತಾನೇ ಒಡೆಸಿ ದೊಡ್ಡದು ಮಾಡ್ಸಿದ್ವಿ. ಟೈಲ್ಸ್ ಎಲ್ಲಾ ಪುದುಸು."

"ಹೊಸಾದು ಸೋರೂದಿಲ್ಲಂತ ಯಾರ್ ಹೇಳ್ಯಾರವ್ವಾ? ಬಣ್ಣದ ನೀರು ಹಾಕಿ ನೋಡೋಣಲ್ಲ."

ಬಣ್ಣವೆಂದರೆ ಸುಮತಿ ಒಪ್ಪಲಿಲ್ಲ, ಟೈಲ್ಸ್ ಹಾಳಾಗುತ್ತದೆ ಎಂದಳು. ಕೊನೆಗೆ ಮುರಿಗೆಪ್ಪನವರ ಹೆಂಡತಿ ಶಂಕ್ರಮ್ಮ ಅರಿಶಿಣದ ಡಬ್ಬಿ ಹಿಡಿದು ಹೋದರು. ಅರಿಶಿಣಕ್ಕೆ ಬೇಡವೆನ್ನುವ ಬಾಯಿ ಅವಳಿಗಿರಲಿಲ್ಲ. ಬೆಳಿಗ್ಗೆ ಬಕೆಟ್ಟಿನಲ್ಲಿ ಕದಡಿ ಬಾತ್‌ರೂಮಿನ ನೆಲಕ್ಕೆ ಸುರಿದಳು.

ಕೆಳಗೆ ಮುರಿಗೆಪ್ಪನವರು ಮಂಚದ ಮೇಲೆ ಅಂಗಾತ ಮಲಗಿ ಚಾವಣಿ ನೋಡಿದರು. ಎದ್ದರು, ಕುರ್ಚಿ ಹತ್ತಿ ಬೆರಳಿಂದ ಮುಟ್ಟಿದರು, ಇಳಿದರು. ಕಾಫಿ ಆರಿತು. ಮೇಲೆ ಹೋಗಿ ಇನ್ನೊಂದು ಬಕೆಟ್ ಹಾಕಿಸಿ ಬಂದು ಮತ್ತೆ ಮಲಗಿದರು. ಶಂಕ್ರಮ್ಮ ರೋಸಿಹೋಗಿ ತರಕಾರಿಗೆಂದು ಹೊರಟುಹೋದರು.

ಸಂಜೆ ಹೊತ್ತಿಗೆ ಹನಿ ಇಳಿಯಿತು. ಹಳದಿಯಲ್ಲ, ಕೆಂಪು.

ಮುರಿಗೆಪ್ಪನವರು ದಡಬಡಿಸಿ ಎದ್ದು ಕೂತರು. ಕಚೇರಿಯಲ್ಲಿ ಇಂಥ ಕಲೆಗಳ ಫೋಟೋ ಎಷ್ಟೋ ನೋಡಿದ್ದರು: ಒಳಗಿನ ಕಬ್ಬಿಣ ತುಕ್ಕು ಹಿಡಿದಿದೆ, ಚಾವಣಿಯೇ ಕೊಳೆತಿದೆ. ರಿಪೇರಿ ಎಂದರೆ ತಿಂಗಳುಗಟ್ಟಲೆ ಕೆಲಸ, ಅಷ್ಟರಲ್ಲಿ ಕೂಸು ಹುಟ್ಟಿ ಬೋರಲು ಬಿದ್ದಿರುತ್ತದೆ. ಹೆಂಡತಿ ಬರುವ ತನಕವೂ ತಡೆಯದೆ ಮಗಳಿಗೆ ಫೋನು ಹಚ್ಚಿದರು.

"ನೀ ಹುಬ್ಬಳ್ಳಿಗೇ ಹೋಗವ್ವಾ. ಈ ಮನಿ ಬರೋಬರಿ ಇಲ್ಲ."

"ಆತಪ್ಪಾ" ಎಂದಳು ಶಿಲ್ಪಶ್ರೀ. ದನಿ ಒಡೆದಿತ್ತು.

ಶಂಕ್ರಮ್ಮ ಚೀಲ ಕೆಳಗಿಟ್ಟವರೇ ಗಂಡನ ತುಕ್ಕಿನ ವರದಿ ಕೇಳಿದರು, ಆಮೇಲೆ ಚಾವಣಿ ನೋಡಿದರು.

"ತುಕ್ಕು ಅಂತ ಯಾರಂದ್ರು? ಇದು ಆರತಿ ನೀರು."

"ಏನಂದಿ?"

"ಅರಿಶಿಣಕ್ಕ ಸುಣ್ಣ ಕೂಡಿದ್ರ ಕೆಂಪಾಗೂದಿಲ್ಲೇನ್ರಿ? ಮದವ್ಯಾಗ ನಿಮಗ ಬೆಳಗಿದ್ದು ಇದೇ ನೀರು. ಮ್ಯಾಲಿನ ಅರಿಶಿಣ ಸಿಮೆಂಟು ಸುಣ್ಣದಾಗ ಹಾಯ್ದು ಬಂದೈತಿ, ಅಷ್ಟ."

ಅಷ್ಟು ಹೇಳಿ ಹತ್ತಿರ ಹೋಗಿ ನೋಡಿದರು. ಕೆಂಪು ಎಲ್ಲೆಂದರಲ್ಲಿ ಹರಡಿರಲಿಲ್ಲ. ಅದೇ ಮೂಲೆಯಲ್ಲಿ, ಬಳ್ಳಿಯ ಕುಂಡ ತೂಗುಬಿಡಲು ಎಂದು ಗಂಡ ಹಾಕಿಸಿದ್ದ ಕಬ್ಬಿಣದ ಕೊಂಡಿಯ ಸುತ್ತ ಬಳೆಯಂತೆ ಕೂತಿತ್ತು. ಕುಂಡ ಮಾತ್ರ ಇವತ್ತಿನವರೆಗೆ ಬಂದಿರಲಿಲ್ಲ.

"ಖರೇ ಹೇಳ್ರಿ. ಈ ಕೊಂಡಿ ಯಾತರದು?"

"ತೊಟ್ಟಿಲದ್ದು" ಎಂದರು ಮುರಿಗೆಪ್ಪನವರು, ನೆಲ ನೋಡುತ್ತ.

ಕೂಸು ಕೈಗೆ ಬರುವ ಮೊದಲು ತೊಟ್ಟಿಲ ಸುದ್ದಿ ಎತ್ತಬಾರದೆಂದು ಶಂಕ್ರಮ್ಮ ಕಟ್ಟಾಜ್ಞೆ ಮಾಡಿದ್ದರು. ಮಗಳು ಬಸುರಿ ಎಂದು ತಿಳಿದ ಮೇಲೆ ಈ ಮನುಷ್ಯನಿಗೆ ತಡೆಯಲಾಗಲಿಲ್ಲ. ಹೆಂಡತಿ ವಡಪಳನಿಯ ಗುಡಿಗೆ ಹೋದ ದಿನ ಎಲೆಕ್ಟ್ರಿಷಿಯನ್ ಕರೆಸಿ ಡ್ರಿಲ್ ಹಾಕಿಸಿದ್ದರು. ಅವನು ಸಾಕೆಂದರೂ ಕೇಳದೆ, ತೊಟ್ಟಿಲು ಕಳಚಿ ಬಿದ್ದರೆ ಎಂಬ ಭಯಕ್ಕೆ, ಇನ್ನೂ ಆಳ, ಇನ್ನೂ ಆಳ ಎಂದು ಕೊರೆಸಿದ್ದರು. ಕೊನೆಯಲ್ಲಿ ಬಂದ ಪುಡಿ ಹಸಿಯಾಗಿತ್ತು. ಅವಸರದಲ್ಲಿ ಅದನ್ನು ಗುಡಿಸಿ ಹಾಕಿದ್ದರು.

ಶಂಕ್ರಮ್ಮ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಸೀದಾ ಮೇಲೆ ಹೋಗಿ ಸುಮತಿಯನ್ನು ಕರೆತಂದು ಎಲ್ಲವನ್ನೂ ಹೇಳಿದರು. ತಪ್ಪಿಸಿಕೊಳ್ಳಲು ಅವಳಿಗೆ ಅದು ಒಳ್ಳೆಯ ಅವಕಾಶ. ಸುಮತಿ ಕೆಂಪು ಬಳೆಯನ್ನು ನೋಡುತ್ತ ನಿಂತಳು.

"ಕೊರೆದಾಗಲೇ ಪುಡಿ ಒದ್ದೆ ಇತ್ತು ಅಂದ್ರೆ ನಮ್ಮ ಟೈಲ್ಸ್ ಕೆಳಗೆ ನೀರು ಮುಂಚೇನೇ ನಿಂತಿತ್ತು ಆಂಟಿ. ಸಾರ್ ಅದಕ್ಕೆ ದಾರಿ ಮಾಡಿಕೊಟ್ರು, ಅಷ್ಟೇ. ನಾನು ಒಡೆಸ್ತೀನಿ, ವಿಡುಂಗೋ, ಬಿಡಿ."

ಮುರಿಗೆಪ್ಪನವರು ಆಗಲೇ ಮಗಳಿಗೆ ಮತ್ತೆ ಫೋನು ಹಚ್ಚಿ ಇಲ್ಲಿಗೇ ಬಾ ಎಂದಿದ್ದರು.

"ಅಪ್ಪಾ, ಒಂದ ಮಾತಿನ ಮ್ಯಾಲೆ ನಿಂದ್ರು" ಎಂದಳು ಶಿಲ್ಪಶ್ರೀ. ಅಳುತ್ತಿದ್ದಳೋ ನಗುತ್ತಿದ್ದಳೋ ಅವರಿಗೆ ಗೊತ್ತಾಗಲಿಲ್ಲ.

ಮೇಲೆ ಟೈಲ್ಸ್ ಒಡೆದು ನೀರು ಇಳಿಯದಂತೆ ಹೊಸ ಪದರ ಬಳಿದರು. ಕೆಳಗೆ ಕೊಂಡಿ ಕಿತ್ತು ತೂತು ಮುಚ್ಚಿದರು. ಮೇಲೆ ನೀರು ಕಟ್ಟಿ ನಿಲ್ಲಿಸಿದಾಗ ಮುರಿಗೆಪ್ಪನವರು ಕೆಳಗೆ ಕತ್ತು ನೋಯುವಷ್ಟು ನೋಡಿದರು. ಒಂದು ಹನಿಯೂ ಬರಲಿಲ್ಲ.

ಮಗಳು ಬಂದಿಳಿದಾಗ ಶಂಕ್ರಮ್ಮ ಬಾಗಿಲಲ್ಲೇ ನಿಲ್ಲಿಸಿ ಕೆಂಪು ನೀರು ಬೆಳಗಿದರು. ಶಿಲ್ಪಶ್ರೀ ಬಸುರಿನ ಭಾರಕ್ಕೆ ಏದುಸಿರು ಬಿಡುತ್ತ ನಡುಕೋಣೆಯ ಮಂಚದ ಮೇಲೆ ಒರಗಿ ಮೇಲೆ ನೋಡಿದಳು. ಬಣ್ಣ ಹೊಡೆದಿದ್ದರೂ ಒಂದು ತಿಳಿಗೆಂಪು ಗುರುತು ಉಳಿದಿತ್ತು.

"ಅಪ್ಪಾ, ತೊಟ್ಟಿಲಾ ಎಲ್ಲಿ ಕಟ್ಟತೀ?"

ಎಲೆಕ್ಟ್ರಿಷಿಯನ್ ಕರೆಯಲು ಮುರಿಗೆಪ್ಪನವರ ಕಾಲು ಆಗಲೇ ಬಾಗಿಲ ಕಡೆ ತಿರುಗಿತ್ತು. ಹೊಸ್ತಿಲಲ್ಲಿ ಆರತಿ ತಟ್ಟೆ ಹಿಡಿದ ಹೆಂಡತಿ ನಿಂತಿದ್ದರು. ಮುರಿಗೆಪ್ಪನವರು ಹಿಂದಕ್ಕೆ ಬಂದು ಮಗಳ ಪಕ್ಕದ ಕುರ್ಚಿಯಲ್ಲಿ ಕೂತರು, ಎರಡೂ ಕೈಗಳನ್ನು ತೊಡೆಯ ನಡುವೆ ಇಟ್ಟುಕೊಂಡರು.

"ಕೂಸು ಬರ್ಲಿ ಮೊದಲ" ಎಂದರು.