ಪೇಚಕಸ್ ಹಿಡಿದ ನೀಲಾಬಾಯಿ

ಸುಲೇಪೇಟದ ಮೊದಲ ಬಸ್ಸು ಸೇಡಂಗೆ ಬಂದು ನಿಲ್ಲುವಾಗ ಇನ್ನೂ ಸರಿಯಾಗಿ ಬೆಳಕು ಹರಿದಿರುವುದಿಲ್ಲ. ಬಸ್ಸಿನಿಂದ ಇಳಿದ ಹೆಣ್ಣುಮಗಳೊಬ್ಬಳು ಗೋಣಿತಟ್ಟಿನಲ್ಲಿ ಸುತ್ತಿದ ಭಾರವನ್ನು ಕೂಸಿನಂತೆ ಸೊಂಟಕ್ಕೇರಿಸಿಕೊಂಡು, ಯಾರನ್ನೂ ದಾರಿ ಕೇಳದೆ, ಹಿಟ್ಟಿನ ಗಿರಣಿಯ ಮಗ್ಗುಲಿನ ಕಟ್ಟೆಯತ್ತ ನಡೆಯುತ್ತಾಳೆ. ಗೋಣಿಯೊಳಗಿರುವುದು ಹೊಲಿಗೆ ಮಷಿನ್ನಿನ ತಲೆ.

ಕಟ್ಟೆಯ ಮೇಲೆ ನೀಲಾಬಾಯಿ ಆಗಲೇ ಕುಳಿತಾಗಿದೆ. ಸೆರಗು ಸೊಂಟಕ್ಕೆ ಬಿಗಿದಿದೆ. ಹಣೆಯ ವಿಭೂತಿ ಇನ್ನೂ ಹಸಿ. ಮುಂದೆ ಸೀಮೆಎಣ್ಣೆಯ ಬಟ್ಟಲು, ಚಿಂದಿ ಬಟ್ಟೆ, ತಿರುಪು ಬಿಚ್ಚುವ, ಹಿಡಿ ಸವೆದ ಮೂರು ಪೇಚಕಸ್.

"ಏನಾಗ್ಯಾದವ್ವ ಇದಕ್ಕ?"

"ದಾರ ಕಡೀಲಿಕತ್ತದ ಅಕ್ಕಾ. ನಾಕು ಹೊಲಿಗಿ ಬೀಳೂದ್ರಾಗ ಫಟ್ ಅಂತದ."

"ಎಣ್ಣಿ ಯಾವಾಗ ಹಾಕಿದ್ದಿ?"

ಬಂದವಳು ನಾಲಿಗೆ ಕಚ್ಚಿಕೊಳ್ಳುತ್ತಾಳೆ. ನೀಲಾಬಾಯಿ ನಗುತ್ತಲೇ ಕಣ್ಣು ಮುಚ್ಚಿ ಗಾಲಿ ತಿರುಗಿಸುತ್ತಾರೆ, ತಲೆ ವಾಲಿಸಿ ಸದ್ದು ಕೇಳುತ್ತಾರೆ. ಆಮೇಲೆ ಕೆಳಗೆ ದಾರದ ಉರುಳೆ ಕೂರುವ ಶಟಲ್ ಬಿಚ್ಚಿ, ಅದರ ಮೂತಿಯ ಮೇಲೆ ಉಗುರಾಡಿಸುತ್ತಾರೆ. "ಇಲ್ಲೇ ಗೀರು ಬಿದ್ದದ ನೋಡು. ದಾರ ಇದಕ್ಕ ತಾಕಿ ಸಾಯ್ಲಿಕತ್ತದ." ಪಾಲಿಶ್ ಕಾಗದದಿಂದ ಗೀರು ತಿಕ್ಕಿ, ಎಣ್ಣೆ ಬಿಟ್ಟು, ತಮ್ಮ ಸ್ಟ್ಯಾಂಡಿಗೆ ಕೂಡಿಸಿ ತುಳಿದರೆ ಮಷಿನ್ನು ಸುಮ್ಮನೆ ಓಡುತ್ತದೆ. ಸುಲೇಪೇಟಕ್ಕೆ ಮರಳುವ ಬಸ್ಸು ಇನ್ನೂ ನಿಲ್ದಾಣದಲ್ಲೇ ಇದೆ.

ನೀಲಾಬಾಯಿಗೆ ಈಗ ನಲವತ್ತನಾಲ್ಕು. ಹುಟ್ಟಿದ್ದು ಶಹಾಬಾದಿನಲ್ಲಿ. ಅಪ್ಪ ಅಮೃತಪ್ಪ ನೆಲಕ್ಕೆ ಹಾಸುವ ಪರಸಿ ಕಲ್ಲಿನ ಖಣಿಯಲ್ಲಿ ಕೆಲಸ ಮಾಡುತ್ತಿದ್ದವರು. ಮನೆಯ ಮುಂದೆ ಒಡೆದ ಪರಸಿಗಳು ಬೇಕಾದಷ್ಟು ಬಿದ್ದಿರುತ್ತಿದ್ದವು. ಹುಡುಗಿ ಇದ್ದಲು ಹಿಡಿದು ಅವುಗಳ ಮೇಲೆ ನವಿಲು, ಎತ್ತು, ರೈಲು ಬರೆಯುತ್ತಿದ್ದಳು. ಸಂಜೆ ಭಜನೆಯಲ್ಲಿ ಅವಳ ದನಿ ಎದ್ದರೆ ತಾಳ ಹಿಡಿದವರು ಕೈ ತಡೆದು ಕೇಳುತ್ತಿದ್ದರಂತೆ. ಗುಲ್ಬರ್ಗಾ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ವರ್ಷವೇ ಸೇಡಂನ ಚಂದ್ರಾಮಪ್ಪನವರ ಕೈ ಹಿಡಿದರು. ಚಂದ್ರಾಮಪ್ಪನವರದು ಹಿಟ್ಟಿನ ಗಿರಣಿ. ಹೊಸ ಸೊಸೆ ಅಡುಗೆ ಮುಗಿಸಿ ಗಿರಣಿಗೆ ಬಂದು, ಇಂಜಿನ್ನಿನ ಒಳಗೆ ಇಣುಕುವುದನ್ನು ಕಲಿತಳು. ಅತ್ತೆ ಪೀರಮ್ಮನವರ ಹಳೆಯ ಮಷಿನ್ನಿನಲ್ಲಿ ಕುಬಸ ಹೊಲಿಯುವುದನ್ನೂ ಕಲಿತಳು.

ಮೂವತ್ತು ತುಂಬುವ ಹೊತ್ತಿಗೆ ಊರಿನ ಅರ್ಧ ಅಂಗಡಿಗಳ ಬೋರ್ಡು ನೀಲಾಬಾಯಿ ಬರೆದದ್ದಾಗಿತ್ತು. ಕುಬಸಕ್ಕೂ ಅವರೇ, ಹಾಡಿಗೂ ಅವರೇ, ಗಿರಣಿ ನಿಂತರೆ ಎಬ್ಬಿಸಲಿಕ್ಕೂ ಅವರೇ. ಅತ್ತೆಗೆ ಇದೇ ಚಿಂತೆ. "ಹತ್ತು ಹೊಲಕ್ಕ ಬಾಯಿ ಹಾಕೋ ಎಮ್ಮಿಗಿ ಹೊಟ್ಟಿ ತುಂಬಲ್ಲವ್ವ. ಒಂದು ಹಿಡಿ."

ಒಂದು ಹಿಡಿಯುವ ಹೊತ್ತು ಬಂದದ್ದು ಎಪ್ಪತ್ತರ ಬೇಸಿಗೆಯಲ್ಲಿ, ಮೂರೂ ದಿಕ್ಕಿನಿಂದ ಒಮ್ಮೆಗೇ. ಗುಲ್ಬರ್ಗಾ ರೇಡಿಯೊ ಕೇಂದ್ರದ ದನಿ ಪರೀಕ್ಷೆಯಲ್ಲಿ ಪಾಸಾದರು. ಶಹಾಬಾದಿನ ಬೋರ್ಡು ಬರೆಯುವ ಪೀರಪ್ಪ, "ಅಕ್ಕಾ, ಪಾಲು ಮಾಡ್ಕೊಂಡು ಕೂಡಿ ಮಾಡಮಿ" ಎಂದ. ಚಿತ್ತಾಪುರದ ಹೊಲಿಗೆ ತರಗತಿಯಿಂದ, ಹುಡುಗಿಯರಿಗೆ ಕಲಿಸುವ ಮಾಸ್ತರಬಾಯಿಯ ಕೆಲಸಕ್ಕೆ ಕರೆ ಬಂತು. ಅದು ಸರಕಾರಿ ನೌಕರಿ. ಮನೆಯಲ್ಲಿ ಯಾರಿಗೂ ಎರಡನೆಯ ಮಾತಿರಲಿಲ್ಲ. ನೀಲಾಬಾಯಿಯೂ ಹೂಂ ಎಂದರು. ಪೀರಮ್ಮ ಓಣಿಗೆಲ್ಲ ಸಕ್ಕರೆ ಹಂಚಿದರು.

ಕೆಲಸಕ್ಕೆ ಹಾಜರಾಗಲು ಇನ್ನು ಕೆಲವೇ ದಿನವಿದ್ದಾಗ ಪಕ್ಕದ ಮನೆಯ ಹಣಮಮ್ಮ ಓಡಿ ಬಂದಳು. ಗಂಡ ತೀರಿಕೊಂಡ ಮೇಲೆ ಹೊಲಿಗೆಯಲ್ಲೇ ಮನೆ ನಡೆಸುತ್ತಿದ್ದವಳು. ಲಗ್ನದ ಸುಗ್ಗಿ, ಮೂಟೆಗಟ್ಟಲೆ ಬಟ್ಟೆ ಬಂದು ಬಿದ್ದಿದೆ, ಮಷಿನ್ನು ಬಿಗಿದುಕೊಂಡು ನಿಂತಿದೆ. ಹೈದರಾಬಾದಿನ ರಿಪೇರಿಯವನು ವರ್ಷಕ್ಕೊಂದೆರಡು ಸಲ ಬಂದರೆ ಹೆಚ್ಚು. ಇಂಜಿನ್ ಬಿಚ್ಚಿದ ಧೈರ್ಯದಲ್ಲಿ ನೀಲಾಬಾಯಿ ಅದನ್ನೂ ಬಿಚ್ಚಿ ಹಾಸಿದರು. ತೊಳೆದರು, ಒರೆಸಿದರು, ಕೂಡಿಸಿದರು. ಗಾಲಿ ಅಲುಗಲಿಲ್ಲ. ಮೇಲಾಗಿ ಒಂದು ತುಂಡು ಹೊರಗೇ ಉಳಿದಿತ್ತು.

"ಎದಿ ಧಸಕ್ ಅಂತ್ರಿ," ಎಂದು ಈಗ ನಕ್ಕು ಹೇಳುತ್ತಾರೆ. "ಆಕಿ ಬರೇ ನನ್ನ ಮಾರಿ ನೋಡಿದಳು. ಬೈದಿದ್ರ ಛಲೋ ಇತ್ತು."

ಅಂದೇ ತಮ್ಮ ಮನೆಯ ಮಷಿನ್ನನ್ನು ಹಣಮಮ್ಮನ ಮನೆಗೆ ಹೊರಿಸಿ ಕಳಿಸಿದರು. ಕೆಟ್ಟದ್ದನ್ನು ಗಂಟು ಕಟ್ಟಿಕೊಂಡು, ಗಂಡನನ್ನು ಜೊತೆಗೆ ಕರೆದುಕೊಂಡು ಹೈದರಾಬಾದಿನ ರೈಲು ಹತ್ತಿದರು. ಅಲ್ಲಿ ಚಾರ್‌ಮಿನಾರಿನ ಹಿಂದಿನ ಗಲ್ಲಿಯಲ್ಲಿ ಖಾಜಾಮಿಯಾ ಎಂಬ ಮುದಿ ಉಸ್ತಾದರು ಗಂಟು ಬಿಚ್ಚಿ ನೋಡಿ ಹೊಟ್ಟೆ ಹಿಡಿದು ನಕ್ಕರು. ಆಮೇಲೆ ಪಕ್ಕದ ಸ್ಟೂಲು ಎಳೆದು, "ಕುಂದ್ರು ಬೇಟಿ, ನೋಡು" ಎಂದರು. ನೀಲಾಬಾಯಿ ಕುಳಿತರು. ಮರುದಿನವೂ ಹೋಗಿ ಕುಳಿತರು. ಮೂರನೆಯ ದಿನ ಉಸ್ತಾದರು ಬೇರೆ ಗಿರಾಕಿಯ ಮಷಿನ್ನನ್ನು ಅವರ ಮುಂದೆ ಸರಿಸಿ ಚಹಾ ಕುಡಿಯಲು ಎದ್ದು ಹೋದರು.

ಆ ಸಂಜೆ, ಉಳಿದುಕೊಂಡಿದ್ದ ಬಂಧುಗಳ ಮನೆಯಲ್ಲಿ, ಚಂದ್ರಾಮಪ್ಪ ನೆನಪು ಮಾಡಿದರು. "ನಾಡಿದ್ದು ಚಿತ್ತಾಪುರಕ್ಕ ಹಾಜರ್ ಆಗಬೇಕು. ನಾಳಿ ಗಾಡಿಗಿ ಹೊಂಡಮಿ."

"ನಾ ಚಿತ್ತಾಪುರಕ್ಕ ಹೋಗಲ್ರಿ."

"ಯಾಕ?"

"ಹಾಡ್ಲಿಕ್ಕ ಕುಂತ್ರ ಮಂದಿ ಏನಂತಾರೋ ಅಂತ ಅನಸ್ತದ. ಬೋರ್ಡ್ ಬರದ್ರ ಯಾವಾಗ ಮುಗೀತದೋ ಅನಸ್ತದ. ಹೊಲಿಯೂದು ಕೈಗಿ ಬರ್ತದ, ಮನಸಿಗಿ ಬರಲ್ಲ. ಇವತ್ತು ಆ ಸ್ಟೂಲಿನ ಮ್ಯಾಲ ಕುಂತಿದ್ದೆ ನೋಡ್ರಿ, ಉಂಡಿಲ್ಲ ಅನ್ನೋದೇ ಗೊತ್ತಾಗಲಿಲ್ಲ."

ತಾಯಿ ಹಂಚಿದ ಸಕ್ಕರೆ ಚಂದ್ರಾಮಪ್ಪನವರಿಗೂ ನೆನಪಾಗಿರಬೇಕು. ಆದರೂ ಅಂದರು, "ಹಾಂಗಾರ ಇನ್ನೊಂದಿಷ್ಟು ದಿನ ಇಲ್ಲೇ ಇರು. ಅರ್ಧಾ ಕಲ್ತು ಬರಬ್ಯಾಡ. ಅವ್ವಗ ನಾ ಹೇಳ್ತೀನಿ."

ತಿಂಗಳಾದ ಮೇಲೆ ನೀಲಾಬಾಯಿ ಸೇಡಂನಲ್ಲಿ ಇಳಿದು ನೇರ ಹೋದದ್ದು ಹಣಮಮ್ಮನ ಮನೆಗೆ. ಸರಿಯಾದ ಮಷಿನ್ನನ್ನು ಅಲ್ಲಿಟ್ಟು, ತಮ್ಮದನ್ನು ಹೊತ್ತುಕೊಂಡು ಮನೆಗೆ ಬಂದರು. ಮರುದಿನವೇ ಗಿರಣಿಯ ಮಗ್ಗುಲಿನ ಕಟ್ಟೆಯ ಮೇಲೆ ರಿಪೇರಿಗೆ ಕುಳಿತರು. ಪೀರಮ್ಮ ಮಳೆಗಾಲ ಮುಗಿಯುವ ತನಕ ಸೊಸೆಯ ಜೊತೆ ಮಾತು ಬಿಟ್ಟಿದ್ದರು. ಊರಿನ ದರ್ಜಿಗಳು ಮಷಿನ್ ತರುವುದಿರಲಿ, ಕಟ್ಟೆಯ ಕಡೆ ಕಣ್ಣು ಹಾಯಿಸಲಿಲ್ಲ. ತಂದವರು ಹೆಂಗಸರು, ಅದೂ ಹಣಮಮ್ಮ ಮನೆಮನೆಗೆ ಹೋಗಿ ಹೇಳಿದ್ದಕ್ಕೆ.

ಕಾಳಗಿಯ ದರ್ಜಿ ಗೊಲ್ಲಾಳಪ್ಪ ತಾನೂ ಅವರಂತೆಯೇ ಇದ್ದುದನ್ನು ಮುಚ್ಚಿಡುವುದಿಲ್ಲ. "ಹೆಣ್ಮಗಳ ಕೈಯಾಗ ಮಷಿನ್ ಹ್ಯಾಂಗ ಕೊಡೂದ್ರಿ ಅಂತ ನಾನೂ ನಕ್ಕಿದ್ದೆ. ಒಮ್ಮಿ ದಸರಾ ಮುಂದ ನಂದು ನಿಂತೋಯ್ತು. ಹೆಂಡ್ತಿ ಹೆಸರ ಮ್ಯಾಲ ಕಳಿಸಿದೆ. ಸರಿಯಾಗಿ ಬಂತು, ಜೋಡಿ ಒಂದು ಮಾತೂ ಬಂತು: ಗೊಲ್ಲಾಳಪ್ಪಗ ಹೇಳ್ರಿ, ಬೆಲ್ಟ್ ಭಾಳ ಬಿಗದಾನ ಅಂತ!" ಈಗ ಸಂತೆಯ ದಿನ ನೀಲಾಬಾಯಿ ಕಾಳಗಿಗೆ ಹೋದರೆ ಕೂಡಲು ಜಾಗ ಗೊಲ್ಲಾಳಪ್ಪನ ಅಂಗಡಿಯ ಮುಂದೆಯೇ.

ದಿನಕ್ಕೆ ನಾಲ್ಕೈದು ಮಷಿನ್ನು, ಲಗ್ನದ ದಿನಗಳಲ್ಲಿ ಅದರ ಎರಡರಷ್ಟು. ಚಿಂಚೋಳಿ, ವಾಡಿ, ಚಿತ್ತಾಪುರಗಳಿಂದಲೂ ಬರುತ್ತವೆ. ಸೋಮವಾರ ಸಂಜೆ ಮಾತ್ರ ಪೇಚಕಸ್ ಮುಟ್ಟುವುದಿಲ್ಲ, ಅದು ಭಜನೆಗೆ. ರೇಡಿಯೊದಲ್ಲೂ ಆಗೀಗ ಹಾಡಿ ಬರುತ್ತಾರೆ. ಚಿತ್ರ ಬರೆಯುವುದು ಮಾತ್ರ ಕೈಬಿಟ್ಟು ಹೋಗಿದೆ. "ಅದೊಂದು ಹೋಯ್ತು ನೋಡ್ರಿ. ಬೆರಳು ಒರಟಾದವು, ಸಣ್ಣ ಗೆರಿ ಏಳಲ್ಲ. ಕೆಲವೊಮ್ಮಿ ಛಂದ ಗ್ವಾಡಿ ಕಂಡ್ರ ಕೈ ತುರಸ್ತದ," ಎನ್ನುತ್ತಾರೆ. ದನಿಯಲ್ಲಿ ಒಂದು ಗಳಿಗೆಯಷ್ಟೇ ಬೇಸರ. ಮಾತು ಬಿಟ್ಟಿದ್ದ ಅತ್ತೆ ಪೀರಮ್ಮನವರು ಈಗ ಕಟ್ಟೆಯ ಮೂಲೆಯಲ್ಲಿ ಎಲೆಯಡಿಕೆ ಹಾಕುತ್ತಾ ಕುಳಿತು, ಬಂದವರಿಗೆಲ್ಲ ಎಣ್ಣೆ ಹಾಕಿಲ್ಲವೆಂದು ಬೈಯುತ್ತಾರೆ. ಸೊಸೆಗೆ ಆ ತೊಂದರೆ ತಪ್ಪಿದೆ.

ಏನಾದರೂ ಆಸೆ ಇದೆಯೇ ಎಂದರೆ ನೀಲಾಬಾಯಿ ಬಿಸಿಲಿಗೆ ಒಣಗಿದ ಶಟಲನ್ನು ಬಟ್ಟೆಯಲ್ಲಿ ಒರೆಸುತ್ತಾ ಯೋಚಿಸುತ್ತಾರೆ. "ಹೊಲಿಗಿ ತರಗತಿಯಾಗ ಹುಡುಗ್ಯಾರಿಗಿ ಹೊಲಿಯೂದು ಕಲಿಸ್ತಾರ. ಮಷಿನ್ ಬಿಚ್ಚೂದು ಯಾರೂ ಕಲಸಲ್ಲ. ವಾರಕ್ಕೊಂದಿನ ನನ್ನ ಕರದ್ರ ಪುಕ್ಕಟ ಹೋಗಿ ಕಲಿಸಿ ಬರ್ತೀನಿ."

"ಎಲ್ಲರೂ ಬಿಚ್ಚಲಿಕ್ಕ ಹತ್ತಿದ್ರ ಅರ್ಧಾ ಊರಿನ ಮಷಿನ್ ಕೆಡ್ತಾವಲ್ಲ?" ಎಂದು ಒಳಗಿನಿಂದ ಚಂದ್ರಾಮಪ್ಪ ಕೇಳುತ್ತಾರೆ.

"ಕೆಡ್ಲಿ ಬಿಡ್ರಿ," ಎನ್ನುತ್ತಾರೆ ನೀಲಾಬಾಯಿ, ಮುಂದಿನ ಮಷಿನ್ನನ್ನು ಹತ್ತಿರ ಎಳೆದುಕೊಳ್ಳುತ್ತಾ. "ಅವರು ಧೈರ್ಯ ಮಾಡಿ ಬಿಚ್ಚಲಿ. ಕೂಡಸ್ಲಿಕ್ಕ ನಾ ಇದ್ದೀನಿ."