ಚಿಲಕವಿಲ್ಲದ ಬಚ್ಚಲು

ಸೊಸೆ ಅಡಿಗೆಮನೆಯಲ್ಲಿ ಈರುಳ್ಳಿ ಜಜ್ಜಿದರೆ ಸಾಕು, ನನ್ನ ಕೈ ತಾನೇ ತಾನಾಗಿ ಸೊಂಟದಲ್ಲಿ ಬೀಗದ ಕೈ ಹುಡುಕುತ್ತದೆ. ನಗಬೇಡಿ, ನಮ್ಮ ಮನೆಯಲ್ಲಿ ಬೆಳೆದಿದ್ದರೆ ನಿಮ್ಮ ಕೈಯೂ ಹುಡುಕುತ್ತಿತ್ತು. ಮೂರ್ಛೆ ಬಂದವರ ಮೂಗಿಗೆ ಈರುಳ್ಳಿ, ಮುಷ್ಟಿಗೆ ಕಬ್ಬಿಣ, ಇದು ನಮ್ಮ ಕಡೆಯ ವೈದ್ಯ. ಎರಡರಿಂದಲೂ ಏನೂ ಆಗುವುದಿಲ್ಲ ಎಂದು ತಿಳಿಯುವ ಹೊತ್ತಿಗೆ ಅಭ್ಯಾಸ ಮೈಗೆ ಹತ್ತಿಬಿಟ್ಟಿತ್ತು.

ಮೂರ್ಛೆ ಬರುತ್ತಿದ್ದದ್ದು ನನ್ನ ಅಕ್ಕ ಗಿರಿಜೆಗೆ. ಚಿಕ್ಕಂದಿನಲ್ಲಿ ಸಂತೇಬೆನ್ನೂರಿನ ಸಂತೆಯಿಂದ ಬರುವಾಗ ಗಾಡಿಯಿಂದ ಬಿದ್ದು ಅವಳ ತಲೆಯ ಮೂಳೆ ಒಳಕ್ಕೆ ಕುಸಿದಿತ್ತು. ಗಾಯ ಮಾಯ್ದ ಮೇಲೆ ಮೂರ್ಛೆ ಶುರುವಾಯಿತು. ಒಮ್ಮೆ ಬಚ್ಚಲಲ್ಲೇ ಬಿದ್ದಳು, ಬಾಗಿಲು ಒಡೆದು ಹೊರಗೆ ತಂದರು. ಅವತ್ತೇ ಅಪ್ಪ ಬಚ್ಚಲ ಬಾಗಿಲಿನ ಚಿಲಕ ಕಿತ್ತುಹಾಕಿದರು. ಕೊನೆಗೆ ಮದರಾಸಿನ ಆಸ್ಪತ್ರೆಯೊಂದರಲ್ಲಿ ತಲೆ ಬಿಚ್ಚಿ, ಕುಸಿದ ಮೂಳೆಯನ್ನು ಎತ್ತಿ ಕೂರಿಸಿದರು. ದೊಡ್ಡ ಯುದ್ಧ ಶುರುವಾಗುವುದಕ್ಕೆ ಸ್ವಲ್ಪ ಮುಂಚಿನ ಮಾತು. ಇನ್ನು ಇವಳನ್ನು ಎಲ್ಲ ಮಕ್ಕಳ ಹಾಗೆ ಬೆಳೆಸಿ, ಅದೇ ಔಷಧಿ ಎಂದರಂತೆ ಡಾಕ್ಟರು. ಅಪ್ಪ ಕೈಮುಗಿದು ಒಪ್ಪಿಕೊಂಡು ಬಂದರು. ಹೊನ್ನಾಳಿ ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟವರು ಅವರು. ಗಿರಾಕಿ ಹೇಳಿದ್ದಕ್ಕೆಲ್ಲ ತಲೆಯಾಡಿಸಿ, ತಮಗೆ ಸರಿಕಂಡಷ್ಟೇ ಹರಿದು ಕೊಡುವುದು ಅವರ ಅಭ್ಯಾಸ.

ಕೂದಲು ಬೆಳೆದು ಕಲೆ ಮುಚ್ಚಿತು. ಮೂರ್ಛೆ ಮತ್ತೆ ಬರಲಿಲ್ಲ. ಗಿರಿಜೆ ಕೇಳಿದ್ದು ಒಂದೇ, ಬಚ್ಚಲಿಗೆ ಚಿಲಕ ಹಾಕಿಸಿ ಎಂದು. ಯುಗಾದಿ ಕಳೆಯಲಿ ಎಂದರು ಅಪ್ಪ. ಆಮೇಲೆ ದೀಪಾವಳಿ ಕಳೆಯಲಿ ಎಂದರು. ಹಬ್ಬಗಳು ಬಂದವು, ಹೋಳಿಗೆ ತಿಂದೆವು, ಚಿಲಕ ಬರಲಿಲ್ಲ. ಅವಳು ನೀರು ಹಾಕಿಕೊಳ್ಳುವಷ್ಟು ಹೊತ್ತೂ ಅಮ್ಮ ಹೊರಗೆ ನಿಂತು "ಅದೀಯೇನೇ?" ಎಂದು ಕೂಗಬೇಕು, ಅವಳು ಒಳಗಿನಿಂದ "ಅದೀನಿ" ಎನ್ನಬೇಕು. ಮದುವೆಯ ವಯಸ್ಸಿಗೆ ಬಂದ ಮೇಲೂ ಇದೇ ಪಾಡು. ಸುಮ್ಮನೆ ಕೂತರೆ, ಮೇಲಕ್ಕೆ ಹೊರಳಿತೇನೋ ಎಂದು ನಾವೆಲ್ಲ ಅವಳ ಕಣ್ಣುಗುಡ್ಡೆ ನೋಡುತ್ತಿದ್ದೆವು. ಸಿಟ್ಟು ಬಂದು ಅತ್ತರೆ ಈರುಳ್ಳಿ ಬರುತ್ತಿತ್ತು. ಇದನ್ನೇ ನಾವು ಪ್ರೀತಿ ಎಂದು ಕರೆಯುತ್ತಿದ್ದದ್ದು. ಈಗ ನೆನೆದರೆ ಮೈ ಉರಿಯುತ್ತದೆ.

ಯುದ್ಧ ಮುಗಿಯುವ ಹೊತ್ತಿಗೆ ಜಗಳೂರಿನಿಂದ ಸಂಬಂಧವೊಂದು ಕೂಡಿಬಂತು. ಹುಡುಗ ಶಾಲೆ ಮೇಷ್ಟ್ರು. ಅಪ್ಪ ಏನನ್ನೂ ಮುಚ್ಚಿಡದೆ ಹೇಳಿದರು, ಪೂರ್ತಿ ವಾಸಿಯಾಗಿದೆ ಎಂದೂ ಹೇಳಿದರು. ಹುಡುಗನ ಕಡೆಯವರು ಆ ಮಾತಿನ ಮೇಲೆಯೇ ಒಪ್ಪಿದರು. ಹುಡುಗ ನೋಡಿಕೊಂಡು ಹೋದ ದಿನ ಅಕ್ಕ ಅವನ ನಡಿಗೆಯನ್ನು ಅಣಕಿಸಿ ತೋರಿಸಿ ನಕ್ಕಳು. ಅಷ್ಟು ಜೋರಾಗಿ ಅವಳು ನಕ್ಕಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಲಗ್ನದ ಮಾತಿಗೆ ಹುಡುಗನ ತಾಯಿ ಬಂದರು. ಪೆಟ್ರೋಲಿಗೆ ಬರ ಬಂದ ಕಾಲ, ಬಸ್ಸು ಇದ್ದಿಲ ಹೊಗೆಯಲ್ಲಿ ಓಡುತ್ತಿತ್ತು, ಇಳಿದವರ ಮುಖವೆಲ್ಲ ಮಸಿ. ಮೊದಲು ಸ್ನಾನ ಎಂದು ಬಚ್ಚಲಿಗೆ ಹೋದ ಆಕೆ ಹಾಗೇ ವಾಪಸು ಬಂದು ಚಿಲಕ ಎಲ್ಲಿ ಎಂದು ಕೇಳಿದರು. ನಮ್ಮಮ್ಮನಿಗೆ ಸುಳ್ಳು ಬಾರದು. ಹುಡುಗಿ ಒಳಗೆ ಬಿದ್ದುಗಿದ್ದಾಳೆಂದು ತೆಗೆಸಿದ್ದೇವೆ ಎಂದುಬಿಟ್ಟರು.

ಆಕೆ ಅಪ್ಪನ ಕಡೆ ತಿರುಗಿದರು. "ವಾಸಿ ಆಗೈತೆ ಅಂದ್ರಲ್ರೀ. ನಿಮಗೇ ನಂಬಿಕೆ ಇಲ್ಲದ ಮ್ಯಾಲೆ ನಾವು ಹೆಂಗೆ ನಂಬಾದು?"

ಆಮೇಲೆ ಊಟ ಮಾಡಿದರು, ಎಲೆ ಅಡಿಕೆ ಹಾಕಿಕೊಂಡರು, ಹೋದರು. ಮತ್ತೆ ಸುದ್ದಿಯಿಲ್ಲ.

ಮರುದಿನ ಅಪ್ಪ ಹೊಸ ಚಿಲಕ ತಂದು ತಾವೇ ಮೊಳೆ ಹೊಡೆಯಲು ನಿಂತರು. ಅಕ್ಕ ಬಂದು ಹಿಂದೆ ನಿಂತಳು.

"ಮದರಾಸಿನಾಗೆ ನನ್ನ ತಲೆ ಸರಿ ಮಾಡಿದ್ರು ಅಪ್ಪಾ. ನಿಮ್ಮ ತಲೆ ಬಿಚ್ಚಿ ನೋಡಾಕೆ ಯಾವೂರಿಗೆ ಹೋಗಾಣ?"

ಅಪ್ಪ ಹಲ್ಲಿನ ನಡುವೆ ಕಚ್ಚಿದ್ದ ಮೊಳೆಯನ್ನು ತೆಗೆದು ಬಾಗಿಲಿಗೆ ಹೊಡೆದರು. ಆ ಚಿಲಕವನ್ನು ಅವಳು ಒಂದು ದಿನವೂ ಹಾಕಲಿಲ್ಲ. ಆದರೆ ಅಮ್ಮ ಕೂಗಿದರೆ ಓಗೊಡುವುದನ್ನು ನಿಲ್ಲಿಸಿಬಿಟ್ಟಳು. ಅಮ್ಮ ತಾವು ಸಾಯುವ ತನಕ ಬಾಗಿಲು ತಳ್ಳಿ ಇಣುಕಿಯೇ ನೋಡಬೇಕಾಯಿತು.

ಅಕ್ಕ ಈಗ ನನ್ನ ಜೊತೆಗಿದ್ದಾಳೆ. ಮದುವೆಯಾಗಲಿಲ್ಲ, ಮೂರ್ಛೆಯೂ ಬರಲಿಲ್ಲ. ಎಲ್ಲ ಅಪ್ಪ ಅಮ್ಮ ಮಾಡಿದ್ದು ಎಂದುಕೊಂಡು ನಾನು ಇಷ್ಟು ವರ್ಷ ಹಾಯಾಗಿದ್ದೆ. ಇವತ್ತು ಪಡಸಾಲೆಗೆ ಬಂದರೆ ಅವಳು ಬೀದಿ ನೋಡುತ್ತ ಕೂತಿದ್ದಳು, ರೆಪ್ಪೆ ಅಲುಗುತ್ತಿರಲಿಲ್ಲ. ನಾನು ಹತ್ತಿರ ಹೋಗಿ, ಬಗ್ಗಿ, ಅವಳ ಕಣ್ಣನ್ನೇ ನೋಡಿದೆ.

ಅವಳು ಮುಖ ತಿರುಗಿಸಲೂ ಇಲ್ಲ.

"ನೋಡಿದ್ದಾತಾ? ಇನ್ನ ಹೋಗು," ಎಂದಳು.